ಮಂಗನ ಕಾಯಿಲೆ ಊರೊಳಗೆ ಬಂದ ದಾರಿ ಯಾವುದು? ಲಕ್ಷಣ ಹಿಡಿದು ಕಾರಣ ಹುಡುಕುವ ಕೈಪಿಡಿ

ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಲೆನಾಡಿನ ಜನರ ಬಾಯಲ್ಲಿ ಮಂಗನ ಕಾಯಿಲೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಂಚಿನ ಊರುಗಳನ್ನು ಕಾಡುತ್ತದೆ. ಅದು ಕಾಣಿಸಿಕೊಂಡ ಊರಿನಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಎಲ್ಲಕ್ಕೂ ಮಂಗವೇ ಕಾರಣ ಎನ್ನುವವರು ಕೆಲವರು. ಲಸಿಕೆ ಇಲ್ಲದಿರುವುದೇ ಕಾರಣ ಎನ್ನುವವರು ಇನ್ನು ಕೆಲವರು. ಎರಡರಲ್ಲೂ ಸ್ವಲ್ಪ ನಿಜವಿದೆ, ಆದರೆ ಯಾವುದೊಂದನ್ನೇ ನಂಬಿ ಕುಳಿತರೂ ಕಾಯಿಲೆ ಬಂದ ದಾರಿ ಸಿಕ್ಕುವುದಿಲ್ಲ. ವೈರಸ್, ಉಣುಗು (ರಕ್ತ ಹೀರುವ ಉಣ್ಣೆ), ಉಣುಗಿಗೆ ರಕ್ತ ಕೊಡುವ ಪ್ರಾಣಿಗಳು, ಕಾಡಿನ ನೆಲದ ಸ್ಥಿತಿ, ಅದೇ ಹೊತ್ತಿಗೆ ಅಲ್ಲಿಗೆ ಹೋಗುವ ಮನುಷ್ಯ, ಇಷ್ಟೂ ಒಂದೇ ಜಾಗದಲ್ಲಿ ಒಂದೇ ಕಾಲದಲ್ಲಿ ಸೇರಿದಾಗ ಮಾತ್ರ ಊರಿನಲ್ಲಿ ಜ್ವರ ಕಾಣಿಸುತ್ತದೆ. ನಿಮ್ಮ ಊರಿನಲ್ಲಿ ಇವು ಎಲ್ಲಿ ಸೇರುತ್ತಿವೆ ಎಂಬುದನ್ನು ಕಂಡುಹಿಡಿಯಲು ಈ ಬರಹ ನೆರವಾಗಬೇಕು ಎಂಬುದು ನನ್ನ ಆಸೆ.

ಇಲ್ಲಿನ ಭಾಗಗಳನ್ನು ಜನರ ಕಣ್ಣಿಗೆ ಬೀಳುವ ಲಕ್ಷಣಗಳ ಪ್ರಕಾರ ಜೋಡಿಸಿದೆ. ಖರ್ಚಿಲ್ಲದೆ ಮನೆಯಲ್ಲೇ ಮಾಡಬಹುದಾದ ತಪಾಸಣೆ ಮೊದಲು ಬರುತ್ತದೆ. ಇಲಾಖೆ, ಪ್ರಯೋಗಾಲಯ, ಆಸ್ಪತ್ರೆಗಳ ನೆರವು ಬೇಕಾದದ್ದು ಆಮೇಲೆ. ಕಾಯಿಲೆ ಬಿದ್ದವರಿಗೆ ಮನೆಯಲ್ಲಿ ಚಿಕಿತ್ಸೆ ಮಾಡಲು ಇದನ್ನು ಬಳಸಬಾರದು.

ಈ ಲಕ್ಷಣಗಳಿದ್ದರೆ ಮುಂದೆ ಓದಬೇಡಿ, ಆಸ್ಪತ್ರೆಗೆ ಹೊರಡಿ

ಜ್ವರ ಬಂದವರ ಮೂಗು, ವಸಡು, ವಾಂತಿ ಅಥವಾ ಮಲದಲ್ಲಿ ರಕ್ತ ಕಾಣಿಸಿದರೆ, ವಾಂತಿ ನಿಲ್ಲದೆ ನೀರೂ ಹೊಟ್ಟೆಯಲ್ಲಿ ಉಳಿಯದಿದ್ದರೆ, ಎದ್ದು ನಿಂತೊಡನೆ ಕಣ್ಣು ಕತ್ತಲಿಟ್ಟು ಬೀಳುವಂತಾದರೆ, ಮೂತ್ರ ಬಹಳ ಕಡಿಮೆಯಾದರೆ, ಮಂಪರು, ತಡವರಿಸುವ ಮಾತು, ಫಿಟ್ಸ್, ಕತ್ತಿನ ಬಿಗಿತ ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಊರು ಆಸ್ಪತ್ರೆಯಿಂದ ದೂರವಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮೈಕೈ ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ತಂದು ಕೊಡಬೇಡಿ, ನೋವಿನ ಚುಚ್ಚುಮದ್ದನ್ನೂ ಹಾಕಿಸಬೇಡಿ. ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯವಿರುವುದರಿಂದ ಅವು ಕೇಡನ್ನು ಹೆಚ್ಚಿಸಬಲ್ಲವು. ವೈದ್ಯರು ಸಿಗುವವರೆಗೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್ ಮತ್ತು ಕುಡಿಯಲು ಗಂಜಿ, ಎಳನೀರು, ಒಆರ್‌ಎಸ್ ಸಾಕು.

ಹುಡುಕುವ ಮುನ್ನ: ಯಾವ ಕೊಂಡಿಗಳು ಸೇರಬೇಕು

ಈ ವೈರಸ್ಸನ್ನು ಮುಖ್ಯವಾಗಿ ಹೊತ್ತು ತಿರುಗುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು. ಅದರ ಬಾಳಿನಲ್ಲಿ ತತ್ತಿಯೊಡೆದ ಮೇಲೆ ಲಾರ್ವಾ, ನಿಂಫ್, ದೊಡ್ಡ ಉಣುಗು ಎಂಬ ಮೂರು ಹಂತಗಳಿವೆ. ಪ್ರತಿ ಹಂತದಲ್ಲೂ ಅದು ಒಂದು ಪ್ರಾಣಿಯ ಮೈಗೆ ಕಚ್ಚಿಕೊಂಡು ರಕ್ತ ಕುಡಿದು ನೆಲಕ್ಕೆ ಬೀಳುತ್ತದೆ. ದೊಡ್ಡ ಉಣುಗುಗಳು ಮಳೆಗಾಲದಲ್ಲಿ ದನಕರು ಮತ್ತು ದೊಡ್ಡ ಕಾಡುಪ್ರಾಣಿಗಳ ಮೇಲೆ ಬದುಕಿ ನೆಲದ ಮೇಲೆ ತತ್ತಿಯಿಡುತ್ತವೆ. ಮಳೆ ಹಿಂದೆ ಸರಿದ ಮೇಲೆ ಹೊರಬರುವ ಲಾರ್ವಾಗಳು ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗ ಇವುಗಳ ಮೈ ಏರುತ್ತವೆ. ಅಲ್ಲಿ ವೈರಸ್ ಇದ್ದರೆ ಅದು ಲಾರ್ವಾದ ಮೈ ಸೇರಿ, ಲಾರ್ವಾ ನಿಂಫ್ ಆದ ಮೇಲೂ ಹಾಗೆಯೇ ಉಳಿಯುತ್ತದೆ. ಮನುಷ್ಯರಿಗೆ ಕಾಯಿಲೆ ತರುವುದು ಹೆಚ್ಚಾಗಿ ಈ ನಿಂಫ್.

ನಿಂಫ್‌ಗಳು ಒಣಗಿದ ಎಲೆಯ ನಡುವೆ ಹೇರಳವಾಗಿರುವುದು ಡಿಸೆಂಬರ್‌ನಿಂದಾಚೆಗೆ. ಅಡಿಕೆಗೊನೆಯ ಕೊಯ್ಲು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು, ಆಮೇಲೆ ಗೇರುಬೀಜ ಆರಿಸುವುದು, ಎಲ್ಲವೂ ಬರುವುದು ಅದೇ ತಿಂಗಳುಗಳಲ್ಲಿ. ಉಣುಗಿನ ಪಂಚಾಂಗವೂ ನಮ್ಮ ದುಡಿಮೆಯ ಪಂಚಾಂಗವೂ ಹೀಗೆ ಒಂದರ ಮೇಲೊಂದು ಬಂದು ಕೂರುತ್ತವೆ. ಈ ಕಾಯಿಲೆಯ ಬಗ್ಗೆ ಒಂದೇ ವಿಷಯವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಕೆಳಗಿನ ತಪಾಸಣೆಗಳಲ್ಲಿ ಹೆಚ್ಚಿನವಕ್ಕೆ ಇದೇ ಬುಡ.

ಲಕ್ಷಣ: ಕಾಡಿನಿಂದ ಬಂದವರ ಮೈಮೇಲೆ ಉಣುಗು ಸಿಗುತ್ತಿದೆ

ಇದು ಎಲ್ಲಕ್ಕಿಂತ ಅಗ್ಗದ ತಪಾಸಣೆ. ಕಾಡಿನಿಂದಲೋ ಬೆಟ್ಟದಿಂದಲೋ ಬಂದವರು ಒಳಗೆ ಕಾಲಿಡುವ ಮೊದಲು ಬಟ್ಟೆ ಕಳಚಿ ಬಿಸಿನೀರಿನಲ್ಲಿ ನೆನೆಹಾಕಬೇಕು, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಬೇಕು, ಬೆಳಕಿನಲ್ಲಿ ಮೈ ನೋಡಿಕೊಳ್ಳಬೇಕು. ನಿಂಫ್ ಗಸಗಸೆಯ ಕಾಳಿನಷ್ಟೇ ಇರುವುದರಿಂದ ಮಚ್ಚೆಯೋ ಮಣ್ಣಿನ ಕಣವೋ ಎಂದು ಕಣ್ಣು ತಪ್ಪುತ್ತದೆ. ಮೊಣಕಾಲಿನ ಹಿಂದೆ, ತೊಡೆಯ ಸಂದಿ, ಸೊಂಟಕ್ಕೆ ಲಂಗದ ಲಾಡಿಯೋ ಉಡಿದಾರವೋ ಬಿಗಿದ ಜಾಗ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ಇವುಗಳನ್ನು ಬೆರಳಿನಿಂದ ಸವರಿ ನೋಡಬೇಕು. ಮಕ್ಕಳನ್ನು ಹಿರಿಯರೇ ನೋಡಬೇಕು.

ಕಚ್ಚಿಕೊಂಡ ಉಣುಗನ್ನು ತುದಿ ಸಣ್ಣಗಿರುವ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ಸಮನಾಗಿ ಮೇಲಕ್ಕೆ ಎಳೆಯಿರಿ. ಬೀಡಿಯ ಕೆಂಡ, ಸೀಮೆಎಣ್ಣೆ, ಸುಣ್ಣ ಯಾವುದೂ ಬೇಡ. ಉಗುರಿನಲ್ಲಿ ಒತ್ತಿ ಒಡೆಯುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು; ಉಣುಗಿನ ಮೈಯೊಳಗಿನ ದ್ರವ ಬೆರಳಿನ ಗಾಯಕ್ಕೆ ತಗುಲಬಹುದು. ಕಿತ್ತ ಮೇಲೆ ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿ, ಎಲ್ಲಿಗೆ ಹೋಗಿದ್ದಿರಿ ಎಂದು ಪಕ್ಕದಲ್ಲಿ ಬರೆದಿಡಿ.

ಇದರ ಅರ್ಥವೇನು? ಉಣುಗು ಕಚ್ಚಿತೆಂದ ಮಾತ್ರಕ್ಕೆ ಕಾಯಿಲೆ ಬರುತ್ತದೆ ಎಂದಲ್ಲ. ಎಲ್ಲ ಉಣುಗಿನಲ್ಲೂ ವೈರಸ್ ಇರುವುದಿಲ್ಲ. ಮನುಷ್ಯ ಮತ್ತು ಉಣುಗು ಎಂಬ ಎರಡು ಕೊಂಡಿಗಳು ಸೇರಿವೆ ಎಂದಷ್ಟೇ ಇದು ಹೇಳುತ್ತದೆ. ಕಚ್ಚಿದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ಜ್ವರ ಏಳುವುದರಿಂದ, ಗುರುತು ಹಾಕಿದ ದಿನದಿಂದ ಹತ್ತು ಹನ್ನೆರಡು ದಿನ ಗಮನವಿರಲಿ. ಒಂದೇ ಜಾಗಕ್ಕೆ ಹೋದವರೆಲ್ಲ ಉಣುಗು ಹತ್ತಿಸಿಕೊಂಡು ಬರುತ್ತಿದ್ದರೆ ಸದ್ಯಕ್ಕೆ ಆ ಜಾಗದ ಕೆಲಸ ನಿಲ್ಲಿಸಿ. ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ತೆರೆದ ಕೈಕಾಲು ಕತ್ತಿಗೆ ಹಚ್ಚಿಕೊಳ್ಳಿ. ಎಣ್ಣೆ ಜಿಡ್ಡೆಂದೂ ವಾಸನೆಯೆಂದೂ ಬಾಟಲಿಯನ್ನು ಗೂಡಿನಲ್ಲೇ ಬಿಡುವವರು ಇದ್ದಾರೆ. ಅಂಥವರಿಗೆ ಆಶಾ ಕಾರ್ಯಕರ್ತೆ ಹತ್ತು ಸಲ ಹೇಳುವುದಕ್ಕಿಂತ, ಜೊತೆಗೆ ಕೆಲಸಕ್ಕೆ ಹೋಗುವವರು ಹೊರಡುವಾಗ ಎಣ್ಣೆ ಮುಂದಿಡುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅನಿಸಿಕೆ.

ಲಕ್ಷಣ: ಮೇಯಲು ಹೋದ ದನಗಳ ಮೈತುಂಬ ಉಣುಗು

ಸಂಜೆ ದನ ಕಟ್ಟುವಾಗ ಕಿವಿಯ ಒಳಭಾಗ, ಗಂಗೆದೊಗಲು, ಕೆಚ್ಚಲಿನ ಸುತ್ತ, ಬಾಲದ ಬುಡ ನೋಡಿ. ಕೊಟ್ಟಿಗೆಯಲ್ಲಿ ಸದಾ ಇರುವ ಉಣುಗು ಬೇರೆ ಜಾತಿಯದೂ ಆಗಿರಬಹುದು, ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕಾಡಿನಲ್ಲಿ ಮೇಯುವ ದನಗಳಲ್ಲಿ ಮಾತ್ರ ಹೆಚ್ಚು, ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವವುಗಳಲ್ಲಿ ಕಡಿಮೆ ಎಂದಾದರೆ ಉಣುಗು ಕಾಡಿನದು ಎಂದು ಊಹಿಸಬಹುದು.

ಇಲ್ಲಿ ತಪ್ಪು ತಿಳಿವಳಿಕೆಗೆ ಎಡೆಯಿದೆ. ದನಗಳಿಗೆ ಈ ಕಾಯಿಲೆಯಿಂದ ತೊಂದರೆಯಾಗುವುದಿಲ್ಲ, ಅವುಗಳ ರಕ್ತದಲ್ಲಿ ವೈರಸ್ ಹೆಚ್ಚಾಗಿ ಬೆಳೆಯುವುದೂ ಇಲ್ಲ. ಹಾಗಿದ್ದೂ ಅವು ಈ ಸರಪಳಿಯಲ್ಲಿ ಮುಖ್ಯ, ಏಕೆಂದರೆ ದೊಡ್ಡ ಉಣುಗಿಗೆ ತತ್ತಿಯಿಡಲು ಬೇಕಾದ ರಕ್ತ ಅವುಗಳ ಮೈಯಲ್ಲಿ ಧಾರಾಳವಾಗಿ ಸಿಗುತ್ತದೆ. ಮಳೆಗಾಲದಲ್ಲಿ ಕಾಡಿಗೆ ಹೋದ ದನ ಆ ವರ್ಷವೇ ಕಾಯಿಲೆ ತರುವುದಿಲ್ಲ. ಮುಂದಿನ ಬೇಸಗೆಯಲ್ಲಿ ದರಗಿನೊಳಗೆ ಎಷ್ಟು ನಿಂಫ್ ಇರಬೇಕೆಂಬುದನ್ನು ಹೆಚ್ಚಿಸಿಕೊಡುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಹೀಗೆ ತಿಂಗಳುಗಳ ಅಂತರ ಇರುವುದರಿಂದಲೇ ದನದ ಪಾತ್ರ ಜನರ ಕಣ್ಣಿಗೆ ಬೀಳುವುದಿಲ್ಲ.

ಮಾಡಬಹುದಾದ್ದು: ಪಶುವೈದ್ಯರನ್ನು ಕೇಳಿ ಉಣುಗು ನಿವಾರಕ ಔಷಧಿ ಹಾಕಿಸಿ. ಮೈಮೇಲೆ ಸುರಿಯುವ, ಚುಚ್ಚುಮದ್ದಾಗಿ ಕೊಡುವ ಎರಡೂ ಬಗೆಗಳಿವೆ. ಹಾಲು ಕರೆಯುವ ಹಸುವಿಗೆ ಯಾವುದು, ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ಅವರಿಂದಲೇ ತಿಳಿಯಬೇಕು. ಹೊಲಕ್ಕೆ ತಂದ ಕೀಟನಾಶಕವನ್ನು ಅಂದಾಜಿನಲ್ಲಿ ಬೆರೆಸಿ ದನಕ್ಕೆ ಬಳಿಯಬೇಡಿ. ದನಕ್ಕೂ ಬಳಿಯುವವರಿಗೂ ವಿಷವೇರುವ ಅಪಾಯವಿದೆ.

ಲಕ್ಷಣ: ತೋಟದಲ್ಲೋ ಕಾಡಂಚಿನಲ್ಲೋ ಮಂಗ ಸತ್ತು ಬಿದ್ದಿದೆ

ಇದು ಊರಿಗೆ ಸಿಗುವ ಎಲ್ಲಕ್ಕಿಂತ ಬೆಲೆಬಾಳುವ ಮುನ್ಸೂಚನೆ. ಕಪ್ಪು ಮೂತಿಯ ಮುಸಿಯ, ಕೆಂಪು ಮೂತಿಯ ಮಂಗ ಎರಡೂ ಈ ವೈರಸ್ಸಿಗೆ ಬಲಿಯಾಗುತ್ತವೆ. ಕಾಯಿಲೆ ಬಿದ್ದ ಮಂಗದ ರಕ್ತದಲ್ಲಿ ವೈರಸ್ ಹೇರಳವಾಗಿರುವುದರಿಂದ ಅದರ ಮೈಮೇಲಿನ ಉಣುಗುಗಳಿಗೆ ಸೋಂಕು ತಗುಲುತ್ತದೆ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅವು ಕೆಳಗಿಳಿದು ಸುತ್ತಲಿನ ದರಗಿನೊಳಗೆ ಸೇರುತ್ತವೆ. ಸತ್ತ ಮಂಗದ ಸುತ್ತಲಿನ ನೆಲ ಹೀಗೆ ಸೋಂಕಿನ ಮಡುವಾಗುತ್ತದೆ. ಹೆಣವನ್ನು ಎತ್ತಿ ಎಸೆದರೂ ನೆಲಕ್ಕಿಳಿದ ಉಣುಗು ಅಲ್ಲೇ ಉಳಿದಿರುತ್ತದೆ.

ಮೊದಲ ತಪಾಸಣೆ ದೂರದಿಂದ, ಕಣ್ಣಿನಲ್ಲಿ ಮಾತ್ರ. ಹತ್ತಿರದಲ್ಲಿ ವಿದ್ಯುತ್ ತಂತಿ ಇದೆಯೇ, ಮೈಮೇಲೆ ಸುಟ್ಟ ಗುರುತು, ನಾಯಿ ಕಚ್ಚಿದ ಅಥವಾ ವಾಹನ ಬಡಿದ ಗಾಯ ಕಾಣುತ್ತಿದೆಯೇ, ಒಂದೇ ಮಂಗವೋ ಹಲವೋ, ಕಳೆದ ಕೆಲವು ದಿನಗಳಲ್ಲಿ ಮಂಕಾಗಿ ಕುಳಿತ, ಮರದಿಂದ ಜಾರಿ ಬೀಳುವ ಮಂಗಗಳನ್ನು ಯಾರಾದರೂ ನೋಡಿದ್ದಾರೆಯೇ? ಗಾಯವಿದ್ದರೆ ಸಾವಿಗೆ ಬೇರೆ ಕಾರಣ ಇರಬಹುದು, ಆದರೆ ಡಿಸೆಂಬರ್‌ನಿಂದ ಮೇ ನಡುವಿನ ಯಾವ ಸಾವನ್ನೂ ಊಹೆಯ ಮೇಲೆ ಬಿಟ್ಟುಬಿಡಬೇಡಿ. ಗಾಯವಿಲ್ಲದೆ ಎರಡು ಮೂರು ಮಂಗಗಳು ಒಂದೇ ಸುತ್ತಿನಲ್ಲಿ ಸತ್ತಿದ್ದರೆ ಮಂಗನ ಕಾಯಿಲೆಯೆಂದೇ ತಿಳಿದು ನಡೆದುಕೊಳ್ಳಿ.

ಎರಡನೆಯದು ತಿಳಿಸುವುದು. ಪ್ರಾಥಮಿಕ ಆರೋಗ್ಯ ಕೇಂದ್ರ, ಅರಣ್ಯ ಸಿಬ್ಬಂದಿ, ಗ್ರಾಮ ಪಂಚಾಯಿತಿ, ಪಶು ಆಸ್ಪತ್ರೆ ಇವುಗಳಲ್ಲಿ ಮೊದಲು ಸಿಕ್ಕವರಿಗೆ ಹೇಳಿ, ಉಳಿದವರಿಗೂ ಮುಟ್ಟಿತೇ ಎಂದು ಅದೇ ದಿನ ವಿಚಾರಿಸಿ. ಜಾಗದ ಗುರುತು, ಕಂಡ ಹೊತ್ತು, ಮುಸಿಯವೋ ಕೆಂಪು ಮೂತಿಯದೋ, ಎಷ್ಟು, ಹೆಣ ಕೊಳೆತಿದೆಯೋ ಹೊಸದೋ, ಹತ್ತಿರದ ಮನೆ ಎಷ್ಟು ದೂರ, ಇಷ್ಟು ಸಾಕು. ದೂರದಿಂದ ತೆಗೆದ ಚಿತ್ರವಿದ್ದರೆ ಒಳ್ಳೆಯದು. ಕೊಳೆತ ಹೆಣದಿಂದ ಮಾದರಿ ತೆಗೆಯುವುದು ಕಷ್ಟವಾದ್ದರಿಂದ ಒಂದು ದಿನದ ತಡವೂ ಲೆಕ್ಕಕ್ಕೆ ಬರುತ್ತದೆ.

ಸಿಬ್ಬಂದಿ ಬರುವವರೆಗೆ ಸುತ್ತ 50 ಮೀಟರ್ ಒಳಗೆ ಯಾರೂ ಕಾಲಿಡದಂತೆ ನೋಡಿಕೊಳ್ಳಿ. ದನ, ನಾಯಿಗಳನ್ನು ಕಟ್ಟಿಹಾಕಿ. ತರಬೇತಿ ಪಡೆದವರು ರಕ್ಷಣಾ ಉಡುಪು ಧರಿಸಿ ಮಾದರಿ ತೆಗೆದು, ಹೆಣವನ್ನು ಸುಟ್ಟು, ಸುತ್ತಲಿನ ಆ 50 ಮೀಟರ್ ಒಳಗೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುತ್ತಾರೆ. ಈ ಕೆಲಸಕ್ಕೆ ಊರಿನವರು ಕೈ ಹಾಕಬಾರದು. ಹೆಣವನ್ನು ಕೋಲಿನಿಂದ ತಳ್ಳುವುದು, ಬರಿಗೈಯಲ್ಲಿ ಹೂಳುವುದು, ಉಣುಗು ಸಾಯಲೆಂದು ದರಗಿಗೆ ಬೆಂಕಿ ಇಡುವುದು ಮೂರೂ ಅಪಾಯ. ಮೂರನೆಯದು ಬೇಸಗೆಯ ಕಾಡನ್ನೇ ಸುಟ್ಟೀತು.

ಮಂಗಗಳನ್ನು ಓಡಿಸಬೇಕು, ಕೊಲ್ಲಬೇಕು ಎಂಬ ಮಾತು ಇಂಥ ಹೊತ್ತಿನಲ್ಲಿ ಹುಟ್ಟಿಕೊಳ್ಳುತ್ತದೆ. ಮಂಗ ಕೂಡ ನಮ್ಮಂತೆ ಈ ಕಾಯಿಲೆಗೆ ಸಿಕ್ಕ ಜೀವ. ಓಡಿಸಿದ ಗುಂಪು ಮೈಮೇಲಿನ ಉಣುಗನ್ನು ಹೊತ್ತು ಪಕ್ಕದ ಊರಿನ ಬೆಟ್ಟಕ್ಕೆ ಹೋಗುತ್ತದೆ, ನಮ್ಮ ನೆಲದಲ್ಲಿ ಬಿದ್ದ ಉಣುಗು ನಮ್ಮಲ್ಲೇ ಇರುತ್ತದೆ. ಇನ್ನೊಂದು ಎಚ್ಚರ: ಮಂಗ ಸತ್ತದ್ದು ಯಾರ ಕಣ್ಣಿಗೂ ಬೀಳಲಿಲ್ಲ ಎಂದರೆ ಕಾಡಿನಲ್ಲಿ ವೈರಸ್ ಇಲ್ಲ ಎಂದಾಗುವುದಿಲ್ಲ. ದಟ್ಟ ಕಾನಿನೊಳಗೆ ಸತ್ತ ಮಂಗ ಎಷ್ಟೋ ಸಲ ಯಾರಿಗೂ ಕಾಣುವುದಿಲ್ಲ, ಇಲಿ ಮೂಗಿಲಿಗಳ ನಡುವೆ ಸೋಂಕು ಸದ್ದಿಲ್ಲದೆ ಸುತ್ತುತ್ತಿರುತ್ತದೆ.

ಲಕ್ಷಣ: ಮನೆಯಲ್ಲಿ ಒಬ್ಬರಿಗೆ ಏಕಾಏಕಿ ಜೋರು ಜ್ವರ

ಮಂಗನ ಕಾಯಿಲೆಯ ಜ್ವರ ಹೆಚ್ಚಾಗಿ ಚಳಿಯೊಂದಿಗೆ ಥಟ್ಟನೆ ಏರುತ್ತದೆ. ಹಣೆಯ ಭಾಗದ ತಲೆನೋವು, ಸೊಂಟ ಮೀನಖಂಡಗಳನ್ನು ಹಿಂಡುವ ನೋವು, ಕೆಂಪಾದ ಕಣ್ಣು ಜೊತೆಗಿರುತ್ತವೆ. ಮೂರು ನಾಲ್ಕು ದಿನವಾದ ಮೇಲೆ ವಾಂತಿ, ಭೇದಿ, ಕೆಲವರಲ್ಲಿ ರಕ್ತಸ್ರಾವ. ಈ ಪಟ್ಟಿಯಲ್ಲಿ ಹೆಚ್ಚಿನವು ಡೆಂಗಿ, ಇಲಿಜ್ವರ, ಮಲೇರಿಯಾಗಳಿಗೂ ಒಪ್ಪುತ್ತವೆ. ಆದ್ದರಿಂದ ಲಕ್ಷಣವೊಂದನ್ನೇ ನೋಡಿ ತೀರ್ಮಾನಿಸದೆ ಕಾಲ, ಜಾಗ, ಕೆಲಸ ಈ ಮೂರನ್ನು ಕೇಳಬೇಕು.

ಮಳೆ ಬಿದ್ದು ಮನೆಯ ಸುತ್ತ ನೀರು ನಿಂತ ಕಾಲವಾಗಿದ್ದು, ಕಾಡಿನ ಕಡೆ ಹೋಗದವರಿಗೂ ಜ್ವರವಿದ್ದರೆ ಡೆಂಗಿಯ ಅನುಮಾನ ಮೊದಲು. ಗದ್ದೆಯ ಕೆಸರಿನಲ್ಲಿ ಗಾಯಗೊಂಡ ಕಾಲಿನಿಂದ ಕೆಲಸ ಮಾಡಿದವರಿಗೆ ಇಲಿಜ್ವರದ ಅನುಮಾನ. ಮೈಮೇಲೆ ಎಲ್ಲಾದರೂ ನೋವಿಲ್ಲದ ಕಪ್ಪು ಹೆಕ್ಕಳೆ ಕಟ್ಟಿದ್ದರೆ ಸ್ಕ್ರಬ್ ಟೈಫಸ್ ಇರಬಹುದು, ಅದಕ್ಕೆ ಬೇರೆಯೇ ಔಷಧಿಯಿದೆ ಮತ್ತು ಬೇಗ ಕೊಟ್ಟರೆ ಗುಣವಾಗುತ್ತದೆ, ವೈದ್ಯರಿಗೆ ತಪ್ಪದೆ ತೋರಿಸಿ. ಜನವರಿಯಿಂದ ಏಪ್ರಿಲ್‌ವರೆಗಿನ ಒಣ ಕಾಲದಲ್ಲಿ, ಕಳೆದ ಎರಡು ವಾರದೊಳಗೆ ದರಗು, ಸೌದೆ, ಸೊಪ್ಪಿಗೆ ಹೋದವರಿಗೆ ಈ ಬಗೆಯ ಜ್ವರ ಬಂದರೆ ಮಂಗನ ಕಾಯಿಲೆಯನ್ನು ಮೊದಲ ಸಾಲಿನಲ್ಲೇ ಇಡಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಕೊಡುವಾಗ ಜ್ವರ ಶುರುವಾದ ದಿನವನ್ನು ಸರಿಯಾಗಿ ಹೇಳುವುದು ಬಹಳ ಮುಖ್ಯ. ಮೊದಲ ವಾರದಲ್ಲಿ ರಕ್ತದಲ್ಲಿ ವೈರಸ್ಸೇ ಇರುವುದರಿಂದ ಆರ್‌ಟಿ-ಪಿಸಿಆರ್ ಪರೀಕ್ಷೆ ಅದನ್ನು ಹಿಡಿಯುತ್ತದೆ. ಐಜಿಎಂ ಎಲೈಸಾ ಪರೀಕ್ಷೆ ಹುಡುಕುವುದು ದೇಹ ಸಿದ್ಧಪಡಿಸಿದ ಪ್ರತಿಕಾಯವನ್ನಾದ್ದರಿಂದ ಅದು ಐದಾರು ದಿನ ಕಳೆದ ಮೇಲೆ ಉಪಯೋಗಕ್ಕೆ ಬರುತ್ತದೆ. ಎರಡನೇ ದಿನ ಮಾಡಿದ ಐಜಿಎಂ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ನೆಮ್ಮದಿಯಾಗಿ ಕೂರುವಂತಿಲ್ಲ. ಈ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. ದೇಹದ ನೀರಿನ ಅಂಶ, ರಕ್ತದೊತ್ತಡ, ಪ್ಲೇಟ್‌ಲೆಟ್ ಇವುಗಳನ್ನು ಕಾಯ್ದುಕೊಳ್ಳುವ ಆರೈಕೆಯೇ ಚಿಕಿತ್ಸೆ, ಅದು ಬೇಗ ಸಿಕ್ಕಷ್ಟೂ ಒಳಿತು. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ಸಾಮಾನ್ಯ ಲೆಕ್ಕ.

ಲಕ್ಷಣ: ಅಕ್ಕಪಕ್ಕದ ಹಲವು ಮನೆಗಳಲ್ಲಿ ಜ್ವರ

ಒಬ್ಬರಿಂದ ಒಬ್ಬರಿಗೆ ಅಂಟುತ್ತಿದೆ ಎಂಬ ಹೆದರಿಕೆ ಮೊದಲು ಏಳುತ್ತದೆ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ; ಮನುಷ್ಯನ ದೇಹಕ್ಕೆ ಬಂದ ವೈರಸ್ಸಿಗೆ ಮುಂದಿನ ದಾರಿ ಮುಚ್ಚಿದಂತೆಯೇ. ಕಾಯಿಲೆಯವರನ್ನು ದೂರವಿಡುವುದು, ಅವರ ಮನೆಗೆ ನೀರು, ಹಾಲು ಕೊಡದಿರುವುದು ಅನ್ಯಾಯ, ಅದರಿಂದ ಇನ್ನೂ ಒಂದು ಕೇಡಿದೆ. ದೂರವಿಟ್ಟಾರೆಂದು ಹೆದರಿದವರು ಜ್ವರವನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟ ಜ್ವರದಿಂದ ಸೋಂಕಿನ ಜಾಗ ಪತ್ತೆಯಾಗುವುದು ತಡವಾಗುತ್ತದೆ.

ಇಲ್ಲಿ ಮಾಡಬೇಕಾದ ತಪಾಸಣೆಗೆ ಒಂದು ಹಾಳೆ, ಒಂದು ಪೆನ್ನು ಸಾಕು. ಜ್ವರ ಬಂದ ಪ್ರತಿಯೊಬ್ಬರ ವಯಸ್ಸು, ಜ್ವರ ಶುರುವಾದ ದಿನ, ಅದಕ್ಕೂ ಹಿಂದಿನ ಎರಡು ವಾರದಲ್ಲಿ ಹೋದ ಜಾಗ, ಮಾಡಿದ ಕೆಲಸ, ಜೊತೆಗಿದ್ದವರು, ಡೆಪಾ ಎಣ್ಣೆ ಹಚ್ಚಿದ್ದರೇ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಪಕ್ಕದಲ್ಲಿ ಊರಿನ ಕಚ್ಚಾ ನಕ್ಷೆ ಗೀಚಿ ಮನೆ, ತೋಟ, ಬೆಟ್ಟ, ದನ ಹೋಗುವ ದಾರಿ, ನೀರಿನ ಮೂಲ, ಮಂಗ ಸತ್ತ ಜಾಗ ಗುರುತಿಸಿ. ಆಶಾ ಕಾರ್ಯಕರ್ತೆಯ ಜೊತೆ ಕುಳಿತು ಮಾಡಿದರೆ ಒಂದು ಸಂಜೆಯ ಕೆಲಸ.

ಜ್ವರ ಬಂದವರೆಲ್ಲ ಒಂದೇ ಬೆಟ್ಟದ ತುದಿಗೆ ಹೋಗಿದ್ದು, ಜ್ವರದ ದಿನಗಳು ಒಂದು ವಾರದೊಳಗೆ ಗುಂಪಾಗಿದ್ದರೆ, ಅಲ್ಲಿ ಸೋಂಕಿನ ಮಡು ಇದೆ ಎಂದರ್ಥ. ಆ ಜಾಗವನ್ನು ಕೂಡಲೇ ಮುಚ್ಚಿಸಿ ಆರೋಗ್ಯ ಇಲಾಖೆಗೆ ತಿಳಿಸಬೇಕು. ಹೊರಗೆ ಹೋಗದ ಅಜ್ಜಿ, ಅಂಗಳದಲ್ಲಿ ಆಡುವ ಮಗು ಕೂಡ ಕಾಯಿಲೆ ಬಿದ್ದಿದ್ದರೆ ಕೊಟ್ಟಿಗೆಗೆ ಹಾಸಲು ತಂದ ದರಗಿನ ರಾಶಿ, ಅಂಗಳದಲ್ಲಿ ಒಟ್ಟಿದ ಸೌದೆ, ಮನೆಯ ಹಿಂದಿನ ಮರಗಳಿಗೆ ಬರುವ ಮಂಗಗಳು ಇವುಗಳ ಕಡೆ ನೋಡಿ, ಏಕೆಂದರೆ ಕಾಡು ಮನೆಯ ಬಾಗಿಲಿಗೇ ಬಂದಿರುವುದುಂಟು. ಕಾಡಿಗೆ ಹೋಗುವವರು ಚೆನ್ನಾಗಿದ್ದು, ಒಂದೇ ಟ್ಯಾಂಕಿನ ನೀರು ಕುಡಿಯುವ ಮನೆಗಳಲ್ಲಿ ಮಾತ್ರ ಜ್ವರವಿದ್ದರೆ ಟೈಫಾಯಿಡ್‌ನಂಥ ಬೇರೆ ಕಾಯಿಲೆಯ ದಾರಿಯಲ್ಲಿ ಹುಡುಕಬೇಕು.

ಪಟ್ಟಿಯನ್ನು ಇನ್ನೊಂದು ಕಣ್ಣಿನಿಂದಲೂ ಓದಿ. ಜ್ವರ ಬಂದವರಲ್ಲಿ ಕೂಲಿಗೆ ಹೋಗುವವರೇ ಹೆಚ್ಚಿದ್ದರೆ ಅವರಿಗೆ ಎಣ್ಣೆ ತಲುಪಿತ್ತೇ, ಹಚ್ಚಿಕೊಳ್ಳಲು ಹೊತ್ತು ಸಿಕ್ಕಿತ್ತೇ, ತೋಟದ ಒಡೆಯರು ಬೂಟು, ಬಟ್ಟೆ ಕೊಟ್ಟಿದ್ದರೇ ಎಂದು ಕೇಳಿ. ಒಲೆಗೆ ಸೌದೆ ಬಿಟ್ಟರೆ ಬೇರೆ ದಾರಿಯಿಲ್ಲದ ಮನೆಯವರಿಗೆ ಕಾಡಿಗೆ ಹೋಗಬೇಡಿ ಎಂದು ಹೇಳಿ ಕೈತೊಳೆದುಕೊಂಡರೆ ಅವರು ಹೋಗದೆ ಇರಲಾರರು, ಹೇಳದೆ ಹೋಗುತ್ತಾರೆ. ಉಣುಗು ಎಲ್ಲರನ್ನೂ ಒಂದೇ ಸಮ ಕಚ್ಚಬಲ್ಲದು, ಆದರೆ ಅದರ ಬಾಯಿಗೆ ಸಿಕ್ಕುವವರು ಯಾರು ಎಂಬುದನ್ನು ಊರಿನ ಬಡತನ ತೀರ್ಮಾನಿಸುತ್ತದೆ.

ಲಕ್ಷಣ: ಜ್ವರ ಬಿಟ್ಟಿತ್ತು, ಒಂದೆರಡು ವಾರದ ಮೇಲೆ ಮತ್ತೆ ಬಂತು

ಮೊದಲ ಸುತ್ತಿನ ಜ್ವರ ಇಳಿದು ರೋಗಿ ಚೇತರಿಸಿಕೊಳ್ಳುತ್ತಿರುವಾಗ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಯಲ್ಲಿ ಎರಡನೇ ಸುತ್ತು ಬರುತ್ತದೆ. ಈ ಸಲ ತೀವ್ರ ತಲೆನೋವು, ಕತ್ತಿನ ಬಿಗಿತ, ಕೈ ನಡುಕ, ದೃಷ್ಟಿ ಮಂಜಾಗುವುದು, ನಡವಳಿಕೆಯಲ್ಲಿ ಬದಲಾವಣೆ ಮುಂತಾದ ಮಿದುಳು ನರಗಳ ಲಕ್ಷಣ ಮುಖ್ಯ. ಮನೆಯಲ್ಲಿ ನೋಡುವ ತಪಾಸಣೆ ಇಲ್ಲಿಲ್ಲ, ನೇರ ಆಸ್ಪತ್ರೆಗೆ. ಮೊದಲ ಸುತ್ತು ಮುಗಿದ ಮೇಲೂ ಸುಮಾರು ಮೂರು ವಾರ ರೋಗಿಯನ್ನು ಭಾರದ ಕೆಲಸಕ್ಕೆ ಕಳಿಸಬೇಡಿ, ರಾತ್ರಿ ಒಬ್ಬರನ್ನೇ ಬಿಡಬೇಡಿ.

ಲಕ್ಷಣ: ಲಸಿಕೆ ಹಾಕಿಸಿಕೊಂಡವರಿಗೂ ಕಾಯಿಲೆ ಬಂತು

ಹಳೆಯ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ 6ರಿಂದ 9 ತಿಂಗಳಲ್ಲಿ ಬೂಸ್ಟರ್, ಮುಂದೆ ವರ್ಷವರ್ಷವೂ ಕೊಡಬೇಕಿತ್ತು. 2005ರಿಂದ 2010ರ ನಡುವಿನ ಮಾಹಿತಿಯ ಮೇಲೆ ನಡೆದ ಅಧ್ಯಯನದಲ್ಲಿ ಎರಡು ಡೋಸಿನಿಂದ ಸುಮಾರು 62 ಶೇಕಡಾ, ಬೂಸ್ಟರ್ ಸೇರಿದರೆ ಸುಮಾರು 83 ಶೇಕಡಾ ರಕ್ಷಣೆ ಕಂಡುಬಂದಿತ್ತು. ಆಮೇಲೆ ಅದರ ಸಾಮರ್ಥ್ಯ ಕುಂದಿದ್ದರಿಂದ ಬಳಕೆ ನಿಂತಿತು, ಹೊಸ ಲಸಿಕೆ ರೂಪಿಸುವ ಕೆಲಸ ನಡೆದಿದೆ. ಹಿಂದೆಂದೋ ಲಸಿಕೆ ಆಗಿದೆ ಎಂಬ ಧೈರ್ಯದಲ್ಲಿ ಎಣ್ಣೆ, ಬಟ್ಟೆ, ಬಿಸಿನೀರಿನ ಸ್ನಾನ ಬಿಡಬೇಡಿ.

ಲಕ್ಷಣ: ಹಿಂದೆಂದೂ ಇಲ್ಲದ ಊರಿನಲ್ಲಿ ಈ ವರ್ಷ ಕಾಯಿಲೆ

ಇದು ಎಲ್ಲಕ್ಕಿಂತ ಕಷ್ಟದ ತಪಾಸಣೆ, ಒಂದು ಊರಿನವರಷ್ಟೇ ಮಾಡಲಾಗದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಊರುಗಳಲ್ಲಿ ಜ್ವರ ಹಬ್ಬಿದಾಗ ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇ ಎಂಬ ಆತಂಕ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಇದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಸಂಬಂಧಿ, ಆದರೆ ಹೊಸ ವೈರಸ್ ಎಂದು ತೋರಿಸಿದರು. ಆ ಭಾಗದಲ್ಲಿ ಜನವಸತಿಯೂ ದನಗಳೂ ಹೆಚ್ಚಿ, ಕಾಡನ್ನು ಸವರಿ ಗದ್ದೆ ತೋಟ ಮಾಡಿದ್ದು, ಕಾಡಿನೊಳಗೆ ಮೊದಲೇ ಇದ್ದಿರಬಹುದಾದ ಸೋಂಕಿನ ಚಕ್ರಕ್ಕೆ ಮನುಷ್ಯನನ್ನು ಹತ್ತಿರ ಮಾಡಿತು ಎಂಬ ವಿವರಣೆಯನ್ನು ಆಗಿನಿಂದಲೂ ಸಂಶೋಧಕರು ಕೊಡುತ್ತ ಬಂದಿದ್ದಾರೆ. 1983ರ ಹೊತ್ತಿಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ಭಾಗದಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ ದೊಡ್ಡ ಪ್ರಮಾಣದಲ್ಲಿ ಕಾಯಿಲೆ ಎದ್ದಿತು.

2012ರ ಕೊನೆಗೆ ಬಂಡೀಪುರದಲ್ಲಿ ಸತ್ತ ಮಂಗಗಳಲ್ಲಿ ವೈರಸ್ ಪತ್ತೆಯಾಯಿತು. ಮುಂದಿನ ವರ್ಷಗಳಲ್ಲಿ ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡು, ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿತು. ಸಿಂಧುದುರ್ಗದಲ್ಲಿ ಗೇರುಬೀಜ ಆರಿಸುವ ಕಾಲದಲ್ಲೇ ಅದು ಬಂದದ್ದು ಗಮನಿಸಬೇಕಾದ ಸಂಗತಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳಾದವು. ವೈರಸ್ ಹೊಸದಾಗಿ ಅಲ್ಲಿಗೆ ಹೋಯಿತೋ, ಮೊದಲೇ ಇದ್ದದ್ದು ಈಗ ಮನುಷ್ಯನನ್ನು ಮುಟ್ಟಿತೋ ಎಂಬುದನ್ನು ಪ್ರತಿ ಜಾಗಕ್ಕೂ ಬೇರೆಯಾಗಿ ಕೇಳಬೇಕು.

ನಿಮ್ಮ ಊರು ಇಂಥ ಹೊಸ ಊರಾಗಿದ್ದರೆ ಹಿರಿಯರನ್ನು ಕೂರಿಸಿಕೊಂಡು ಕಳೆದ ನಾಲ್ಕೈದು ವರ್ಷದ ಬದಲಾವಣೆ ಕೇಳಿ. ಕಾನಿನ ಅಂಚಿನಲ್ಲಿ ಹೊಸ ತೋಟ ಎದ್ದಿದೆಯೇ, ರಸ್ತೆ ಅಥವಾ ತಂತಿಮಾರ್ಗಕ್ಕೆ ಕಾಡು ಸೀಳಿದ್ದಾರೆಯೇ, ದನ ಮೇಯುವ ಜಾಗ ಬದಲಾಗಿದೆಯೇ, ಮಂಗಗಳ ಗುಂಪು ಕಾಡು ಬಿಟ್ಟು ತೋಟದಲ್ಲೇ ಉಳಿಯುತ್ತಿದೆಯೇ? ಕಾಡು, ತೋಟ, ಮನೆ ಒಂದರೊಳಗೊಂದು ಹೆಣೆದುಕೊಂಡಿರುವ ನೆಲದಲ್ಲಿ ಅಪಾಯ ಹೆಚ್ಚು ಎಂದು ಇತ್ತೀಚಿನ ಅಧ್ಯಯನಗಳೂ ಹೇಳಿವೆ. ಮಲೆನಾಡಿನ ಬಹುಪಾಲು ಊರುಗಳು ಇರುವುದೇ ಹಾಗೆ. ಇದರಲ್ಲಿ ಯಾವುದನ್ನೂ ಒಂದೇ ಕಾರಣ ಎಂದು ಬೊಟ್ಟು ಮಾಡಬೇಡಿ. ಹೊಸ ತೋಟ ಅಂಚನ್ನು ಉದ್ದ ಮಾಡುತ್ತದೆ, ಅಂಚಿನಲ್ಲಿ ದನ ಮೇಯುತ್ತದೆ, ಮೇದ ದನ ಉಣುಗನ್ನು ಹೆಚ್ಚಿಸುತ್ತದೆ, ಅದೇ ತೋಟಕ್ಕೆ ಮಂಗ ಬರುತ್ತದೆ, ಕೊಯ್ಲಿಗೆ ಮನುಷ್ಯ ಬರುತ್ತಾನೆ.

ಈ ಉತ್ತರಗಳನ್ನು ಜ್ವರದ ಪಟ್ಟಿ ಮತ್ತು ನಕ್ಷೆಯ ಜೊತೆ ಸೇರಿಸಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರಹದಲ್ಲಿ ಕೊಡಿ, ಒಂದೊಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿಗೂ ಪಶುವೈದ್ಯಾಧಿಕಾರಿಗೂ ಮುಟ್ಟಿಸಿ. ಮೂರು ಇಲಾಖೆಯವರನ್ನೂ ಒಂದೇ ದಿನ ಗ್ರಾಮಸಭೆಗೆ ಕರೆಸುವಂತೆ ಪಂಚಾಯಿತಿಯನ್ನು ಕೇಳಿ. ಆ ಸಭೆ ನವೆಂಬರ್ ಮುಗಿಯುವುದರೊಳಗೆ, ಅಡಿಕೆಗೊನೆಯ ಕೊಯ್ಲಿಗೂ ದರಗಿಗೂ ಜನ ಬೆಟ್ಟ ಹತ್ತುವ ಮೊದಲು ನಡೆಯಬೇಕು. ಅಂದೇ ಡೆಪಾ ಎಣ್ಣೆ ಹಂಚಿಕೆ, ದನಗಳಿಗೆ ಔಷಧಿ ಹಾಕಿಸುವ ದಿನ, ಮಂಗ ಸತ್ತರೆ ಕರೆ ಮಾಡಬೇಕಾದ ದೂರವಾಣಿ ಸಂಖ್ಯೆ ಮೂರನ್ನೂ ನಿಶ್ಚಯಿಸಿ ನ್ಯಾಯಬೆಲೆ ಅಂಗಡಿ, ಶಾಲೆ, ಹಾಲಿನ ಡೈರಿಯ ಗೋಡೆಗೆ ಅಂಟಿಸಿ.